ಹೊಳೆಗೆ ಬಿಟ್ಟ ತಾಮ್ರದ ಕಾಸು

೧೯೯೨ರಲ್ಲಿ ಏಳನೇ ಕ್ಲಾಸಿಗೇ ನನ್ನ ಓದು ನಿಂತಿತು. ಹೊನ್ನಾಳಿಯಲ್ಲಿ ಹೋಟೆಲ್ ಟೋಕನ್ನಿನ ಹಿತ್ತಾಳೆ ಬಿಲ್ಲೆ ಒತ್ತುವ ಪ್ರೆಸ್ಸಿಗೆ ಸೇರಿದೆ. ದುಡಿದೆ, ಕೊನೆಗೆ ಆ ಪ್ರೆಸ್ಸನ್ನೇ ಕೊಂಡೆ. ಅಚ್ಚಿನ ಕೆಲಸದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ.

ಮೊನ್ನೆ ಹೆಂಡತಿ ಹುಣಸೆಹಣ್ಣು ಹಚ್ಚಿ ತಾಮ್ರದ ಚೊಂಬು ತಿಕ್ಕುತ್ತಿದ್ದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರುಮನೆ ದೊಡ್ಡಮ್ಮ ನೆನಪಾದರು... ಜೊತೆಗೆ ಹಳೆಯ ಸಿಟ್ಟೂ ಬಂತು.

ದೀಪಾವಳಿಯ ಲಕ್ಷ್ಮೀಪೂಜೆಗೆ ಅವರು ಒಂದು ತಾಮ್ರದ ಕಾಸನ್ನು ಹೀಗೇ ಹುಣಸೆಹಣ್ಣು ಹಚ್ಚಿ ತಿಕ್ಕಿ ಇಡುತ್ತಿದ್ದರು. ಅವರ ಅತ್ತೆ ಸಾಯುವಾಗ ಕೈಗಿಟ್ಟದ್ದು. ಒಂದು ಬದಿ ರಾಜನ ತಲೆ ಉಬ್ಬಿತ್ತು. ಇನ್ನೊಂದು ಬದಿ ಅದೇ ತಲೆ ತಿರುವುಮುರುವಾಗಿ ಒಳಕ್ಕೆ ತಗ್ಗಿತ್ತು. "ಇದ್ಯಾಕೆ ಹಿಂಗೈತೆ, ನೋಡಪ್ಪ" ಎಂದು ಒಮ್ಮೆ ಕೊಟ್ಟರು. ನಮ್ಮ ಪ್ರೆಸ್ಸಿನಲ್ಲೂ ಹೀಗಾಗುತ್ತದೆ. ಒತ್ತಿದ ಬಿಲ್ಲೆ ಅಚ್ಚಿಗೆ ಕಚ್ಚಿಕೊಂಡು ಉಳಿದರೆ, ಮುಂದಿನ ಬಿಲ್ಲೆಯ ಮೇಲೆ ಅಚ್ಚಿನ ಬದಲು ಅದರ ಉಬ್ಬಿದ ಮುಖವೇ ಒತ್ತಿ ತಗ್ಗು ಬೀಳುತ್ತದೆ. ಯಾರಾದರೂ ಆಮೇಲೆ ಇನ್ನೊಂದು ಕಾಸಿಟ್ಟು ವೈಸಿನ ಕಬ್ಬಿಣದ ದವಡೆಯಲ್ಲಿ ಹಿಂಡಿದ್ದರೆ ಉಬ್ಬಿದ ಮುಖ ಚಪ್ಪಟೆಯಾಗಬೇಕಿತ್ತು. ಇದರಲ್ಲಿ ರಾಜನ ಮೂಗು, ಕಿವಿಯ ಗೆರೆ ಹಾಗೇ ನಿಂತಿದ್ದವು.

"ಟಂಕಸಾಲೆಯಲ್ಲೇ ಆದ ತಪ್ಪು ದೊಡ್ಡಮ್ಮ, ಹುಟ್ಟಿದ್ದೇ ಹಿಂಗೆ" ಎಂದೆ.

"ಹಂಗಾದ್ರೆ ನಮ್ಮತ್ತೆ ಥರಾನೇ ಬಿಡು, ಹುಟ್ಟಿದ್ದೇ ಸೊಟ್ಟ" ಎಂದು ನಕ್ಕಿದ್ದರು.

ದೊಡ್ಡಮ್ಮನ ಮಗಳ ಮದುವೆಯಾದ ಮೊದಲ ದೀಪಾವಳಿಗೆ ಅಳಿಯ ಬಂದ. ಚನ್ನಗಿರಿ ಕಡೆಯವನು, ಹಳೇ ನಾಣ್ಯ ಕೂಡಿಸುವ ಶೋಕಿ, ಜೇಬಿನಲ್ಲೊಂದು ಭೂತಗನ್ನಡಿ. ನಾನು ಸವಳಂಗಕ್ಕೆ ಮಾಲು ಕೊಡಲು ಹೋಗಿದ್ದೆ. ಅವನು ತಗ್ಗಿದ ಬದಿಯನ್ನಷ್ಟೇ ನೋಡಿ, "ಅತ್ತೇರೆ, ಇದು ಡ್ಯಾಮೇಜ್ ಆಗೈತ್ರಿ, ಯಾರೋ ವೈಸಿಗಿಟ್ಟು ಹಿಂಡ್ಯಾರೆ. ಭಿನ್ನ ಆಗಿದ್ದನ್ನ ಪೂಜೆಗೆ ಇಡ್ತಾರೇನ್ರಿ? ಹೊಳೆಗೆ ಬಿಡ್ರಿ" ಎಂದನಂತೆ. ತಿರುಗಿಸಿ ನೋಡಲು ಎಷ್ಟು ಹೊತ್ತು ಬೇಕಿತ್ತು ಅವನಿಗೆ?

ಮರುದಿನ ನಾನು ಬರುವಷ್ಟರಲ್ಲಿ ಕಾಸು ತುಂಗಭದ್ರೆಯ ಪಾಲಾಗಿತ್ತು. ಅವರ ಜಗುಲಿಯ ಮೇಲೆ ನಿಂತು ಕೂಗಾಡಿದೆ. "ನಾ ಹೇಳಿದ್ದು ಮರ್ತೇ ಹೋತಾ ನಿಮಗೆ?"

"ಮೆಲ್ಲಕೆ ಮಾತಾಡೋ, ಒಳಗೆ ಅಳಿಯಂದ್ರು ಉಣ್ಣಾಕೆ ಕುಂತಾರೆ" ಎಂದರು. ಆಮೇಲೆ... "ಎಲ್ಲಾ ನೆನಪೈತಪ್ಪ. ಮೊದಲನೇ ಹಬ್ಬಕ್ಕೆ ಬಂದ ಅಳಿಯನ ಮಾತು ಹೆಂಗೆ ತೆಗೆದಾಕ್ಲಿ? ಮಗಳು ಬಾಳ್ವೆ ಮಾಡಬೇಕಲ್ಲ."

ಗೊತ್ತಿದ್ದೂ ಬಿಟ್ಟಿದ್ದರು. ಅದಕ್ಕೇ ನನಗೆ ಇನ್ನೂ ಹೊಟ್ಟೆ ಉರಿಯುವುದು. ಬಾಯಿಗೆ ಬಂದದ್ದು ಆಡಿದವನು ಹೋಳಿಗೆ ಉಂಡು ಹೋದ. ಅವನ ಮಾತಿನ ಮಾನ ಕಾಯಲು ಇವರು ಅತ್ತೆಯ ಕಾಸನ್ನು ನೀರಿಗೆ ಹಾಕಬೇಕಾಯಿತು. ಆಮೇಲಿನ ದೀಪಾವಳಿಗಳಲ್ಲಿ ದೊಡ್ಡಮ್ಮ ಆ ಜಾಗದಲ್ಲಿ ಒಂದು ಚೆಂಡುಹೂವು ಇಡುತ್ತಿದ್ದರು. ಬೇರೆ ಕಾಸು ಇಡಲೇ ಇಲ್ಲ...

ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಬಂದ ಅಳಿಯ ನನ್ನನ್ನು ಪಕ್ಕಕ್ಕೆ ಕರೆದು, "ಅಣ್ಣಾರೆ, ಅತ್ತೆ ಆ ಕಾಸು ಖರೇನೇ ಹೊಳೆಗೆ ಬಿಟ್ರೇನ್ರಿ? ಅಂಥವಕ್ಕೆ ಈಗ ಭಾರಿ ಡಿಮ್ಯಾಂಡ್ ಐತಂತೆ" ಎಂದ. ಹೆಣ ಇನ್ನೂ ಎತ್ತಿರಲಿಲ್ಲ.

ಈಗ ನನ್ನ ಹತ್ತಿರ ಎರಡು ಪ್ರೆಸ್ಸು ಇವೆ. ಒಂದು ತಾರಸಿ ಮನೆ ಇದೆ. ದೊಡ್ಡಮ್ಮನಿಗೆ ತೋರಿಸಲೆಂದು ತೆಗೆದಿಟ್ಟಿದ್ದ, ಆ ಕಾಸಿನಂತೆಯೇ ಒಂದು ಬದಿ ಉಬ್ಬಿ ಇನ್ನೊಂದು ಬದಿ ತಗ್ಗಿದ ಹಿತ್ತಾಳೆ ಬಿಲ್ಲೆ ಒಂದಿದೆ. ಎದುರುಮನೆಯಲ್ಲಿ ಅವರು ಇಲ್ಲ.