ರಿಲೇ ಮೇಸ್ತ್ರಿಯ ಪೆನ್ಸಿಲ್ ಬರಹ

ಹೋದ ವಾರ ಕಂಪ್ಲಿ ಕಡೆಯ ಒಂದು ಸಬ್‌ಸ್ಟೇಷನ್ನಿನಲ್ಲಿ ಹಳೆಯ ರಿಲೇಯೊಂದರ ಗಾಜಿನ ಮುಚ್ಚಳ ತೆಗೆದೆ. ವಾರ್ನಿಶ್ಶಿನ ವಾಸನೆ ಮೂಗಿಗೆ ಬಡಿಯಿತು. ಲೈನಿನಲ್ಲಿ ಕರೆಂಟು ಮಿತಿಮೀರಿದರೆ ಒಳಗಿನ ತಟ್ಟೆ ತಿರುಗಿ ಸಪ್ಲೈ ಕಡಿಯುವ, ಈಗ ಅಪರೂಪವಾಗಿರುವ ರಿಲೇ ಅದು. ಆ ವಾಸನೆಗೆ ಮೇಸ್ತ್ರಿ ನೆನಪಾದರು. ನೆನಪಾದರು ಅನ್ನುವುದೂ ಸುಳ್ಳೇ. ಅವರನ್ನು ಮರೆಯಲು ನಾನು ಪಟ್ಟ ಪಾಡು ನನಗೇ ಗೊತ್ತು.

ಆಗ ನಾನು ಸಂಡೂರಿನಲ್ಲಿ ಹೊಸ ಎಂಜಿನಿಯರ್. ರಿಲೇ ಟೆಸ್ಟಿಂಗಿನ ಪುಸ್ತಕ ಹುಡುಕಿ ಹುಡುಕಿ ಸಾಕಾಗಿತ್ತು. ಹೊಸಪೇಟೆಯ ಸ್ಟೋರಿನಲ್ಲಿ ಸಿಕ್ಕಿದ್ದು ಗೆದ್ದಲು ತಿಂದ ರಟ್ಟು ಮಾತ್ರ. ನಿವೃತ್ತಿಗೆ ಕೆಲವೇ ತಿಂಗಳಿದ್ದ ನಮ್ಮ ಟೆಸ್ಟಿಂಗ್ ಮೇಸ್ತ್ರಿ ಅದನ್ನು ಕೇಳಿ, ಬುತ್ತಿಚೀಲದಿಂದ ಉದ್ದನೆಯ ನೋಟ್‌ಬುಕ್ ತೆಗೆದುಕೊಟ್ಟರು. ಯಾವ ರಿಲೇಗೆ ಎಷ್ಟು ಕರೆಂಟು ಕೊಡಬೇಕು, ಎಷ್ಟು ಸೆಕೆಂಡಿಗೆ ಕಡಿಯಬೇಕು, ಎಲ್ಲಿ ಕೈ ಹಾಕಬಾರದು... ಎಲ್ಲವೂ ಪೆನ್ಸಿಲ್ಲಿನಲ್ಲಿ, ಕನ್ನಡದಲ್ಲಿ.

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ, ಟೈಪು ಮಾಡಿಸಿ, ಮೊದಲ ಪುಟದಲ್ಲಿ ನನ್ನ ಹೆಸರು ಹಾಕಿದೆ. ಬರೀ ನನ್ನ ಹೆಸರು. ಮೇಲಿನವರು ಬೆನ್ನು ತಟ್ಟಿದರು. ಕೇಳುತ್ತಿದ್ದ ಹೊಸಪೇಟೆ ವರ್ಗಾವಣೆಯೂ ಸಿಕ್ಕಿತು.

ಮೇಸ್ತ್ರಿ ಒಂದು ಪ್ರತಿ ಹಿಡಿದು ಬಂದಾಗ, ಬೈಯುತ್ತಾರೆಂದು ಉತ್ತರ ತಯಾರಿಟ್ಟುಕೊಂಡೆ.

“ಸಾಹೇಬ್ರ, ಮಗಳ ಕೈಲೆ ಓದಿಸಿದೆ. ಭಾಳ ಚಲೋ ಆಗೈತಿ. ಒಂದ್ ಮಾತ್ ಬಿಟ್ಟೀರಿ. ತಟ್ಟಿ ತಿರುಗೋ ಬೇರಿಂಗಿಗೆ ಎಣ್ಣಿ ಬ್ಯಾಡ ಅಂತ ಬರೀರಿ. ಎಣ್ಣಿಗೆ ಧೂಳ್ ಹತ್ತಿದ್ರ ತಟ್ಟಿ ನಿಂತ್ಬಿಡ್ತೈತಿ, ಯಾರರ ಲೈನ್‌ಮನ್ ಸಾಯ್ತಾನ.”

ಮುದುಕರ ಅತಿ ಜಾಗ್ರತೆ ಎಂದು ನಾನೇ ಬಿಟ್ಟಿದ್ದ ಸಾಲು ಅದು. ಅವರು ಬಾಗಿಲ ತನಕ ಹೋಗಿ ತಿರುಗಿದರು.

“ಕಡೀ ಪುಟದಾಗ ಸಣ್ಣಗ ನನ್ ಹೆಸರು ಹಾಕಾಕ ಬರ್ತೈತೇನ್ರಿ? ಮಗಳು ಕೇಳಿದ್ಲು.”

“ನೋಡೋಣ್ರಿ” ಅಂದೆ.

ಎಣ್ಣೆಯ ಮಾತು ಸೇರಿಸಿದೆ, ಹೆಸರು ಸೇರಿಸಲಿಲ್ಲ. ಅವರ ಹೆಸರು ಬಂದರೆ ನನ್ನದೇನು ಉಳಿಯುತ್ತದೆ ಎಂಬ ಅಂಜಿಕೆ. ಥೂ, ಎಂಥ ಸಣ್ಣತನ. ನಿವೃತ್ತಿಯ ದಿನ ಕಮಲಾಪುರದ ಮನೆಗೆ ಊಟಕ್ಕೆ ಕರೆದರೆ ಏನೋ ನೆವ ಹೇಳಿ ತಪ್ಪಿಸಿಕೊಂಡೆ. ಮುಂದೆ ಅವರು ತೀರಿಕೊಂಡ ಸುದ್ದಿ ಬಂದಾಗಲೂ ಹೋಗಲಿಲ್ಲ. ಆ ಮಗಳ ಮುಖ ನೋಡುವ ಧೈರ್ಯ ಇರಲಿಲ್ಲ...

ಹೋದ ವಾರ ಕಂಪ್ಲಿಯಲ್ಲಿ ಪಕ್ಕದಲ್ಲಿದ್ದ ಹೊಸ ಎಂಜಿನಿಯರ್ ಹುಡುಗಿ ಮೊಬೈಲಿನಲ್ಲಿ ನನ್ನ ಹೆಸರಿನ ಅದೇ ಇಂಗ್ಲಿಷ್ ಬರಹ ತೆರೆದುಕೊಂಡು ನಿಂತಿದ್ದಳು.

“ಸರ್, ಇಂಟರ್‌ನೆಟ್‌ನಾಗೆಲ್ಲ ಹುಡುಕಿದೆ, ನಿಮ್ದೊಂದ ಸಿಕ್ಕಿದ್ದು. ಇಷ್ಟೆಲ್ಲ ನಿಮಗ ಯಾರ್ ಕಲಿಸಿದ್ರು?”

ಹೇಳಿಬಿಡಬಹುದಿತ್ತು. ಮೇಸ್ತ್ರಿ ಇಲ್ಲ, ನನಗೂ ಇನ್ನು ಆಗಬೇಕಾದ ವರ್ಗಾವಣೆ ಯಾವುದೂ ಇಲ್ಲ. ಕಳೆದುಕೊಳ್ಳುವುದೇನೂ ಇರಲಿಲ್ಲ.

“ಯಾರೂ ಇಲ್ಲಮ್ಮ, ಎಲ್ಲಾ ಅನುಭವ” ಅಂದೆ.