ಹೆಗ್ಗೆಣಸಿನ ತಲೆ

೧೯೫೫ರಲ್ಲಿ, ಐದನೇ ಕ್ಲಾಸಿಗೇ, ನಾನು ಓದು ನಿಲ್ಲಿಸಿದೆ. ಗಡಿಯಾಚೆ ಸೋದರತ್ತೆಯ ಮನೆಯಲ್ಲಿದ್ದು ಕಲಿತ ಕನ್ನಡ ಅಕ್ಷರವೇ ನನ್ನ ವಿದ್ಯೆ. ಹನ್ನೆರಡು ವರ್ಷದ ಮೇಲೆ ತಮಿಳು ಸೀಮೆಯಲ್ಲೇ ಇರುವ ನಮ್ಮ ಪಾಲಮಲೆ ಬೆಟ್ಟ ಇಳಿದು ಶಂಕಗಿರಿಗೆ ಬಂದಾಗ ಅದೂ ಕೈಕೊಟ್ಟಿತು. ತಮಿಳು ಬೋರ್ಡು ಓದಲು ಬಾರದೆ, ಲಾರಿ ಶೆಡ್ಡು ಹುಡುಕುತ್ತ ಅದರ ಮುಂದೆಯೇ ಮೂರು ಸಲ ಹಾದುಹೋದೆ. ಬೆಟ್ಟದಲ್ಲಿ ಒಂದು ಕೂಗು ಹಾಕಿದರೆ ಆಚೆ ದಿಣ್ಣೆಗೆ ಕೇಳುತ್ತಿತ್ತು. ಇಲ್ಲಿ ಪಕ್ಕದವನಿಗೂ ಕೇಳದು. ಮೂಟೆ ಹೊತ್ತೆ, ಕ್ಲೀನರ್ ಆದೆ, ಡ್ರೈವರ್ ಆದೆ. ಯಾರ ಕಾಲೂ ಹಿಡಿಯಲಿಲ್ಲ.

ಬೆಟ್ಟದಿಂದ ತಂದದ್ದು ಒಂದು ಹೆಗ್ಗೆಣಸಿನ ತಲೆ. ಗೆಣಸು ಅಗೆದವರು ಬಳ್ಳಿ ಹುಟ್ಟುವ ತಲೆಭಾಗವನ್ನು ಕೊಯ್ದು ಅದೇ ಗುಂಡಿಗೆ ಇಟ್ಟು ಮಣ್ಣು ಮುಚ್ಚುವುದು ನಮ್ಮ ಪದ್ಧತಿ. ಬಾಡಿಗೆ ಮನೆಯ ಬೇಲಿಯಲ್ಲಿ ಹತ್ತು ವರ್ಷ ಹಾಗೇ ಉಳಿಸಿಕೊಂಡೆ.

ಹೋದ ತಿಂಗಳು ಮೇಟ್ಟುಪಾಳಯದಿಂದ ಆಲೂಗಡ್ಡೆ ತಂದು ಒಂದು ಮಿಷನ್ ಆಸ್ಪತ್ರೆಗೆ ಇಳಿಸಿದೆ. ಅಲ್ಲಿನ ಪಾದ್ರಿ ಲಕ್ಸಂಬರ್ಗ್ ಎಂಬ ಪುಟ್ಟ ದೇಶದವರು. ನನಗಿಂತ ಚೆನ್ನಾಗಿ ತಮಿಳು ಆಡುತ್ತಾರೆ. ಒಂದು ಗಡ್ಡೆ ಎತ್ತಿಕೊಂಡು, "ನಮ್ಮಮ್ಮ ಇದನ್ನು ಗ್ರೊಂಪರ್ ಅನ್ನುತ್ತಾಳೆ" ಎಂದರು. ಗ್ರೊಂಡ್ ಎಂದರೆ ನೆಲ, ಬಿರ್ ಎಂದರೆ ನಮ್ಮ ಊಟಿಯ ಬೇರಿಕಾಯಿ. ನೆಲದ ಬೇರಿಕಾಯಿ, ಬಾಯಿಂದ ಬಾಯಿಗೆ ಸವೆದು ಗ್ರೊಂಪರ್ ಆಯಿತಂತೆ. ಆ ಸೀಮೆಯವರು ಹಿಂದೆ ಪೂರ್ವಕ್ಕೆ ವಲಸೆ ಹೋದಾಗ ಇಂಥ ಮಾತನ್ನೂ ಒಯ್ದರಂತೆ. ಅಲ್ಲಿನ ನೆರೆಯವರೂ ಅದನ್ನೇ ಕಲಿತರಂತೆ.

"ಪಳ್ಳಿಕೂಡದಲ್ಲಿ ಕಲಿಸ್ತಾರಾ ಸಾಮಿ?" ಶಾಲೆಯ ಮಾತು ತೆಗೆದೆ ನಾನು.

"ಅಲ್ಲಿ ಬೇರೆ ಭಾಷೆ. ಇದು ಮನೆಯದು. ಹಾಗಂತ ಬಿಟ್ಟಿಲ್ಲ."

ನನ್ನ ಎದೆ ಹಿಗ್ಗಿತು. ಹಿರಿದಾದ ಗೆಣಸು ಹೆಗ್ಗೆಣಸು ಎಂದು ನಮ್ಮ ಮಾತನ್ನೂ ಬಿಡಿಸಿ ಹೇಳಿದೆ. ಅವರು ಚೀಟಿಯಲ್ಲಿ ಬರೆದುಕೊಂಡರು. ಮುಂದಿನ ಟ್ರಿಪ್ಪಿಗೆ ಗೆಣಸನ್ನೇ ತರುತ್ತೇನೆ ಎಂದು ಮಾತು ಕೊಟ್ಟೆ.

ಮನೆಗೆ ಬಂದರೆ ಬೇಲಿಯಲ್ಲಿ ಹಸಿ ಗುಂಡಿ. ಹೆಂಡತಿ ಕೂಲಿಗೆ ಹೋಗಿದ್ದಳು; ಹನ್ನೊಂದು ವರ್ಷದ ಮಗಳು ಮಾದಿ ಒಲೆಯ ಮುಂದಿದ್ದಳು.

"ಗೆಣಸಿನ ತಲೆ ಎಲ್ಲವ್ವಾ?"

"ಎಂದ ತಲೆಪ್ಪಾ? ಎಲ್ಲಾಂ ಕೊಳಂಬುಲ ಪೋಟ್ಟುಟ್ಟೇನ್." ಯಾವ ತಲೆ ಎನ್ನುತ್ತಾಳೆ; ಎಲ್ಲವನ್ನೂ ಸಾರಿಗೆ ಹಾಕಿಬಿಟ್ಟಿದ್ದಳು.

"ಗುಂಡಿಗೆ ಮಡಗಬೇಕು ಅಂತ ಗೊತ್ತಿಲ್ವಾ ನಿಂಗೆ?"

ಅವಳು ತಡವರಿಸಿ, ಹುಡುಕಿ ಹುಡುಕಿ ಕನ್ನಡದಲ್ಲೇ ಅಂದಳು: "ನೀ ಯೋಳ್ಲಿಲ್ಲ ಕಣಪ್ಪಾ. ನೀ ಯಾವತ್ತು ಮನೇಲಿದ್ದೆ?"

ತಟ್ಟೆ ಎಳೆದುಕೊಂಡು ಕೂತೆ. ಸಾರು ರುಚಿಯಾಗಿತ್ತು, ಅದೂ ನಿಜ.

ಪಾಲಮಲೆಗೂ ಹೋಗಿ ಕೇಳಿದೆ. "ಎಗ್ಗೆಣ್ಸಾ? ಯಾವ ಕಾಲದಲ್ಲಿದ್ದೀಯಾ ಅಣ್ಣಾ!" ಎಂದು ತಮ್ಮ ನಕ್ಕು ಹೊಲ ತೋರಿಸಿದ. ದಿಣ್ಣೆಯ ತುಂಬ ಮರಗೆಣಸು, ಎಲ್ಲ ಸೇಲಂನ ಸಬ್ಬಕ್ಕಿ ಮಿಲ್ಲಿಗೆ. ಅಲ್ಲಿ ನಾನು ಶಂಕಗಿರಿಯವನು, ಇಲ್ಲಿ ಮಲೆಯವನು. ಮಾತು ಕೊಟ್ಟ ಗೆಣಸು ಎಲ್ಲೂ ಸಿಗಲಿಲ್ಲ; ಪಾದ್ರಿಯ ಆಸ್ಪತ್ರೆಗೆ ಲೋಡು ಬಂದರೆ ಈಗ ಬೇರೆ ಡ್ರೈವರನಿಗೆ ಬಿಟ್ಟುಕೊಡುತ್ತೇನೆ.

ಈಗ ನನ್ನಲ್ಲಿರುವುದು ಲೈಸೆನ್ಸು ಒಂದು, ಬಾಡಿಗೆ ಕೋಣೆ ಎರಡು, ಹೆಂಡತಿ, ತಮಿಳು ಓದುವ ಮಗಳು ಒಬ್ಬಳು, ಬೇಲಿಯಲ್ಲಿ ಬರಿಯ ಗುಂಡಿ ಒಂದು.