ರೊಟ್ಟಿ ಹಿಡಿದು ಹೇಳಿದ ಮಾತು

ನಮ್ಮ ಮನೆತನದಲ್ಲಿ ಬಿ.ಎ. ಓದಿದವನು ನಾನೇ ಮೊದಲಿಗ. ಬಿ.ಎ. ಹಾಗಿರಲಿ, ಕಾಗದಕ್ಕೆ ಸಹಿ ಮಾಡಿದವನೂ ನಾನೇ ಮೊದಲಿಗ. ನಮ್ಮಪ್ಪ ಹೆಬ್ಬೆಟ್ಟಿನವನು, ಅವನಪ್ಪನೂ ಹೆಬ್ಬೆಟ್ಟಿನವನು. ಇದನ್ನು ಯಾವ ಸಭೆಯಲ್ಲಿ ಬೇಕಾದರೂ ಎದೆ ಸೆಟೆಸಿ ಹೇಳುತ್ತೇನೆ. ಮಂದಿ ಚಪ್ಪಾಳೆ ತಟ್ಟುತ್ತಾರೆ, ಅಷ್ಟು ಕಷ್ಟದಲ್ಲಿ ಹೇಗೆ ಓದಿದಿರಿ ಎಂದು ಕೇಳುತ್ತಾರೆ. ದಿನಾ ಒಂದು ಹರದಾರಿ ಹೋಗಿ ಒಂದು ಹರದಾರಿ ಬರುತ್ತಿದ್ದೆ ಎನ್ನುತ್ತೇನೆ, ಅದು ಖರೆ. ಮುಂದೆ ರಾಯಚೂರಿನ ಬೋರ್ಡಿಂಗಿನಲ್ಲಿ ಉಂಡು ಓದಿದೆ ಎನ್ನುತ್ತೇನೆ, ಅದೂ ಖರೆ. ಆ ಬೋರ್ಡಿಂಗಿಗೆ ಸೇರಿದ್ದು ಹೇಗೆಂಬುದನ್ನು ಮಾತ್ರ ಯಾವ ಸಭೆಯಲ್ಲೂ ಹೇಳಿಲ್ಲ.

ಶಾಲೆಯಿದ್ದ ಊರಿನ ಹೆಸರು ಬರೆಯುವುದಿಲ್ಲ. ಕುಷ್ಟಗಿಯಿಂದ ತಾವರಗೇರಾ ಸಂತೆಗೆ ಹೋಗುವ ಬಂಡಿಗಳು ನೀರು ಕುಡಿಯಲು ನಿಲ್ಲುತ್ತಿದ್ದ ಊರು ಎಂದರೆ ಸಾಕು. ನಿಜಾಮರ ಕಾಲ. ಮನೆಯಲ್ಲಿ ಆಡುವ ಮಾತು ಕನ್ನಡ, ಶಾಲೆಯಲ್ಲಿ ಪಾಠ ಉರ್ದು. ನಮ್ಮ ಹಳ್ಳಿಯಿಂದ ಇಬ್ಬರೇ ಹೋಗುತ್ತಿದ್ದೆವು, ನಾನು ಮತ್ತು ಕುರಿ ಕಾಯುವವರ ಮನೆಯ ಒಬ್ಬ ಹುಡುಗ. ಲೆಕ್ಕದಲ್ಲಿ ಅವನು ನನಗಿಂತ ಚುರುಕು. ಅವನು ಓದಿದ್ದರೆ ನನ್ನ ಬಿ.ಎ. ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಊರಿನ ಹುಡುಗರು ಮಧ್ಯಾಹ್ನ ಮನೆಗೆ ಹೋಗಿ ಉಣ್ಣುತ್ತಿದ್ದರು. ಹಳ್ಳಿಗಳಿಂದ ಬರುವ ನಾವು ಎಂಟು ಮಂದಿ ಅರಿವೆಯಲ್ಲಿ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದೆವು. ಅದಕ್ಕೇ ನಮಗೆ ‘ಬುತ್ತಿಯವರು’ ಎಂದು ಹೆಸರು. ಊರಿನ ಹುಡುಗರಲ್ಲಿ ದೊಡ್ಡವನು ಬಟ್ಟೆ ಅಂಗಡಿ ಸಾಹುಕಾರರ ಮಗ. ನಮ್ಮಪ್ಪ ಅವರ ಹೊಲದಲ್ಲಿ ಕೂಲಿ ಮಾಡುತ್ತಿದ್ದ. ರಾಯಚೂರಿನಲ್ಲಿ ಬಡ ಹುಡುಗರಿಗೆ ಬಿಟ್ಟಿ ಊಟ ಹಾಕಿ ಇಟ್ಟುಕೊಳ್ಳುವ ಬೋರ್ಡಿಂಗಿಗೆ ಸಾಹುಕಾರರ ಬೀಗರೇ ಹಿರಿಯರು. “ಏಳನೇತ್ತ ಪಾಸಾಗಲಿ, ಚೀಟಿ ಬರದು ಕೊಡತೀನಿ. ಮುಂದ ನಿನ್ನ ಮಗ ನೆಳ್ಳಾಗ ಕುಂತು ಉಣ್ತಾನ,” ಎಂದು ಸಾಹುಕಾರರು ಅಪ್ಪನಿಗೆ ಹೇಳಿದ್ದರು. ಅಪ್ಪ ಆ ಮಾತನ್ನು ಮೈಮೇಲೆ ಹೊದ್ದುಕೊಂಡೇ ತಿರುಗುತ್ತಿದ್ದ. ಆ ಚೀಟಿ ಸಿಗದಿದ್ದರೆ ಏಳನೆಯ ತರಗತಿಯ ಮುಂದೆ ನನಗೆ ಉಳಿದದ್ದು ಅದೇ ಸಾಹುಕಾರರ ಹೊಲ.

ಅದು ಗಡಿಯಾಚೆಯ ಬ್ರಿಟಿಷ್ ಸೀಮೆಗೆ ಸ್ವಾತಂತ್ರ್ಯ ಬಂದ ವರ್ಷದ ಮಳೆಗಾಲ. ಗಜೇಂದ್ರಗಡಕ್ಕೆ ಹೋಗಿ ಬಂದವರು ಅಲ್ಲಿ ಮನೆ ಮನೆಗೆ ಮೂರು ಬಣ್ಣದ ಬಾವುಟ ಹಾರುತ್ತಿದೆ ಎನ್ನುತ್ತಿದ್ದರು. ನಮ್ಮಲ್ಲಿ ಅದನ್ನು ಹಾರಿಸಿದರೆ ಠಾಣೆ. ಒಂದು ಮುಂಜಾನೆ ನಾವಿಬ್ಬರು ಗಂಟೆಗಿಂತ ಮೊದಲೇ ಶಾಲೆ ಮುಟ್ಟಿದಾಗ ಸಾಹುಕಾರರ ಮಗ ಅಂಗಳದ ಬೇವಿನ ಗಿಡದ ಕೆಳಗೆ ಒಬ್ಬನೇ ನಿಂತಿದ್ದ. ಚೀಲದಿಂದ ಬಾವುಟ ತೆಗೆದು ನನ್ನ ಗೆಳೆಯನಿಗೆ ತೋರಿಸಿದ.

“ತುದೀಗಿ ಕಟ್ಟಬೇಕಲೇ. ನನಗ ಹತ್ತಾಕ ಬರಂಗಿಲ್ಲ.”

“ಇದನ್ನ ಕಟ್ಟಿದ್ರ ಏನಾಗತೈತ್ರಿ ಅಣ್ಣಾರ?”

“ಸ್ವರಾಜ್ಯ ಬರತೈತಿ.”

“ಅವತ್ತ ಲೆಕ್ಕದ ಮಾಸ್ತರಗ ಸೂಟಿ ಇರತೈತೇನ್ರಿ?”

ನನ್ನ ಗೆಳೆಯ ಆಡುಗಳಿಗೆ ಸೊಪ್ಪು ಹರಿಯಲು ದಿನಾ ಗಿಡ ಹತ್ತುವವನು. ತನ್ನ ಬುತ್ತಿಯ ಗಂಟನ್ನು ನನ್ನ ಕೈಗೆ ಕೊಟ್ಟು, “ಇದನ್ನ ಹಿಡಿ, ತಿಂದಗಿಂದೀ ಮತ್ತ,” ಎಂದು ಸರಸರ ಹತ್ತಿದ. ಯಾರಾದರೂ ಬಂದಾರೆಂದು ನಾನು ದಾರಿಯ ಮೇಲೆ ಕಣ್ಣಿಟ್ಟು ಕೆಳಗೆ ನಿಂತೆ. ಸಾಹುಕಾರರ ಮಗ ಎಲ್ಲಿ ಕಟ್ಟಬೇಕೆಂದು ಬೆರಳು ಮಾಡಿ ತೋರಿಸಿದ.

ಎರಡನೆಯ ಪಾಠ ನಡೆದಾಗ ಅಮೀನ ಸಾಹೇಬ ಇಬ್ಬರು ಪೊಲೀಸ್ ಜವಾನರೊಂದಿಗೆ ಬಂದ. ಠಾಣೆಯ ದೊಡ್ಡವನಿಗೆ ಆಗ ಅಮೀನ ಎನ್ನುತ್ತಿದ್ದರು. ಹೆಡ್ ಮಾಸ್ತರರು ಗುಲ್ಬರ್ಗಾ ಕಡೆಯ ಮುಸಲ್ಮಾನರು, ಸಾಧು ಮನುಷ್ಯ. “ಮಕ್ಕಳು, ಬಿಟ್ಟುಬಿಡಿ, ನಾನೇ ಬುದ್ಧಿ ಹೇಳುತ್ತೇನೆ,” ಎಂದು ಉರ್ದುವಿನಲ್ಲಿ ಬೇಡಿಕೊಂಡರು. ಅಮೀನ ಅವರ ಖುರ್ಚಿಯಲ್ಲೇ ಕೂತ. ಮೊದಲು ಊರಿನ ಹುಡುಗರನ್ನು ಕೇಳಿದ. ಅವರಪ್ಪಂದಿರು ಅವನಿಗೆ ಗುರುತಿನವರು, ಸಾಹುಕಾರರ ಅಂಗಡಿಯ ಕಟ್ಟೆಯ ಮೇಲೆ ಅವನಿಗೆ ದಿನಾ ಚಹಾ. ಗೊತ್ತಿಲ್ಲರೀ ಎಂದರು, ಕೂತರು.

ಆಗ ಜವಾನರಲ್ಲಿ ಒಬ್ಬ ಬಾಯಿ ಹಾಕಿದ. ತಳಕಲ್ ಕಡೆಯವನು, ನಮ್ಮಂಥ ಮನೆಯಲ್ಲೇ ಹುಟ್ಟಿದವನು.

“ಸಾಹೇಬ್ರ, ಈ ಬುತ್ತಿಯವರ ಕೈಯಾಗ ರೊಟ್ಟಿ ಹಿಡಿಸಿ ಕೇಳ್ರಿ. ರೊಟ್ಟಿ ಹಿಡಕೊಂಡು ಸುಳ್ಳ ಹೇಳಂಗಿಲ್ಲ ಇವು.”

ನಮ್ಮ ಸೀಮೆಯಲ್ಲಿ ಬದುವಿನ ಜಗಳ, ದನದ ಜಗಳ ಹಾಗೆಯೇ ಬಗೆಹರಿಯುತ್ತಿದ್ದವು. ಬಲಗೈಯಲ್ಲಿ ಜೋಳದ ರೊಟ್ಟಿ ಹಿಡಿದು ಒಂದು ಮಾತು ಹೇಳಿದರೆ ಮುಗಿಯಿತು, ಎದುರಿನವನು ಮತ್ತೆ ಕೇಳುತ್ತಿರಲಿಲ್ಲ. ಹಿಡಿದು ಸುಳ್ಳಾಡಿದವನ ಮನೆಯಲ್ಲಿ ಅನ್ನ ನಿಲ್ಲುವುದಿಲ್ಲ ಎಂದು ನಂಬಿಕೆ. ಅಮೀನನಿಗೆ ಇದು ತಮಾಷೆಯಾಗಿ ಕಂಡಿರಬೇಕು, ನಕ್ಕು ತಲೆಯಾಡಿಸಿದ. ಎಂಟೂ ಮಂದಿ ಪಡಸಾಲೆಯಲ್ಲಿ ಗಂಟು ಬಿಚ್ಚಿ, ಒಂದೊಂದು ರೊಟ್ಟಿ ಹಿಡಿದು ಸಾಲಾಗಿ ನಿಂತೆವು. ಊರಿನ ಹುಡುಗರು ಕಿಟಕಿಯಿಂದ ನೋಡಿ ಕಿಸಕ್ಕೆಂದರು. ಅವರಿಗೆ ಬುತ್ತಿ ಇರಲಿಲ್ಲ, ಆಣೆಯೂ ಇರಲಿಲ್ಲ.

ಮೊದಲಿನ ಇಬ್ಬರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಮೂರನೆಯವನು ನನ್ನ ಗೆಳೆಯ.

“ಗಿಡಾ ಯಾರ ಹತ್ತ್ಯಾರ?” ಜವಾನ ಕೇಳಿದ.

“ನಾನ ಹತ್ತೀನ್ರಿ.”

“ಬಾವುಟಾ ಯಾರ ಕೊಟ್ರು?”

“ಆ ಅಣ್ಣಾರ ಕೊಟ್ಟಾರ್ರಿ.” ಎಡಗೈಯಿಂದ ಕಿಟಕಿಯ ಕಡೆ ತೋರಿಸಿದ.

ಸಾಹುಕಾರರ ಮಗ ಹೊರಗೆ ಬಂದ. “ಸುಳ್ಳರೀ. ಮುಂಜಾನಿಂದ ಇವನ ಮಾರೀನ ನಾ ನೋಡಿಲ್ಲ.”

ಅಮೀನ ಉರ್ದುವಿನಲ್ಲಿ ಸಾಕ್ಷಿ ಯಾರು ಎಂದ. ಜವಾನ ಕನ್ನಡದಲ್ಲಿ ಹೇಳಿದ. ಗೆಳೆಯ ನನ್ನ ಕಡೆ ತಿರುಗಿದ. ಅವನಿಗೆ ಒಂದಿಷ್ಟೂ ಅಂಜಿಕೆ ಇರಲಿಲ್ಲ, ಹಾದಿಯಲ್ಲಿ ಮಾತಾಡುವ ಹಾಗೆಯೇ ಹೇಳಿದ.

“ಇವ ಇದ್ದನ್ರಿ, ನನ್ನ ಬುತ್ತಿ ಹಿಡಕೊಂಡು. ಇವನ್ನ ಕೇಳ್ರಿ, ಇವನ ಕೈಯಾಗೂ ರೊಟ್ಟಿ ಐತಿ.”

ನನ್ನನ್ನು ಸಿಕ್ಕಿಸಬೇಕೆಂದು ಅವನು ಹಾಗೆ ಹೇಳಲಿಲ್ಲ. ರೊಟ್ಟಿ ಹಿಡಿದವನು ಸುಳ್ಳಾಡುತ್ತಾನೆ ಎಂಬುದು ಅವನ ತಲೆಗೇ ಬಂದಿರಲಿಲ್ಲ. ಸಾಹುಕಾರರ ಮಗ ನನ್ನನ್ನು ನೋಡಿದ. ಹೆದರಿಸಲಿಲ್ಲ, ಕಣ್ಣು ಕೂಡ ಮಿಟುಕಿಸಲಿಲ್ಲ. ಬೇಕಾಗಿಯೂ ಇರಲಿಲ್ಲ.

“ನಾ ನೋಡಿಲ್ರಿ,” ಎಂದೆ. “ನಾ ಹಿಂದಿಂದ ಬಂದೆ.”

ಕೈ ಉರಿಯಲಿಲ್ಲ. ನಾಲಿಗೆ ತೊದಲಲಿಲ್ಲ. ಏನೂ ಆಗಲಿಲ್ಲ. ತಳಕಲ್ಲಿನ ಜವಾನ ನನ್ನ ಕೈಯನ್ನು ನೋಡಿ, ತಾನೇ ತಪ್ಪು ಮಾಡಿದವನಂತೆ ಮುಖ ತಿರುಗಿಸಿದ. ಗೆಳೆಯ ನನ್ನನ್ನು ಬೈಯಲಿಲ್ಲ. ಮಗ್ಗಿ ತಪ್ಪಿದವನನ್ನು ನೋಡಿ ಇನ್ನೊಮ್ಮೆ ಹೇಳಲಿ ಎಂದು ಕಾಯುತ್ತಾರಲ್ಲ, ಹಾಗೆ ಕಾದ. ನಾನು ಇನ್ನೊಮ್ಮೆ ಹೇಳಲಿಲ್ಲ.

ಅವನನ್ನೇ ಗಿಡ ಹತ್ತಿಸಿ ಬಾವುಟ ಬಿಚ್ಚಿಸಿದರು. ಇಳಿದ ಮೇಲೆ ಅಂಗಾಲಿಗೆ ಹೊಡೆದರು. ಬಾವುಟ ಕಟ್ಟಿದ್ದಕ್ಕೆ ಇಷ್ಟು, ದೊಡ್ಡವರ ಮಗನ ಮೇಲೆ ಸುಳ್ಳು ಹೊರಿಸಿದ್ದಕ್ಕೆ ಇಷ್ಟು ಎಂದು ಬೇರೆ ಬೇರೆ. ಠಾಣೆಗೆ ಎಳೆದುಕೊಂಡು ಹೋದರು. ಹೆಡ್ ಮಾಸ್ತರರು ಹಾಜರಿ ಪುಸ್ತಕದಲ್ಲಿ ಅವನ ಹೆಸರನ್ನು ಹೊಡೆದುಹಾಕಿ ಹೊರಗೆ ಬಂದಾಗ ನಾನಿನ್ನೂ ಅಲ್ಲೇ ನಿಂತಿದ್ದೆ. “ಯಾಕೆ ಹಿಡಿದುಕೊಂಡು ನಿಂತಿದ್ದೀ, ತಿನ್ನು,” ಎಂದರು. ತಿಂದೆ. ಹಸಿವಾಗಿತ್ತು.

ಸಂಜೆ ಒಬ್ಬನೇ ಮನೆಗೆ ನಡೆದು ಬಂದು ಅಪ್ಪನಿಗೆ ಎಲ್ಲ ಹೇಳಿದೆ, ಸುಳ್ಳನ್ನೂ ಹೇಳಿದೆ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲಿ ಎಂದೂ ಅನಿಸಿತು. ಅಪ್ಪ, “ಇನ್ನ ಚೀಟಿ ಕೊಡತಾರಲ್ಲ?” ಎಂದ. ಅವ್ವ ನನಗೆ ಬಡಿಸಿ, ತಾನು ಉಣ್ಣದೆ ಎದ್ದು ಹೋದಳು.

ಚೀಟಿ ಕೊಟ್ಟರು. ಸಾಹುಕಾರರು ಮಾತಿಗೆ ತಪ್ಪಲಿಲ್ಲ. ನಾನು ರಾಯಚೂರಿಗೆ ಹೋದೆ. ಓದಿದೆ, ಯಾರಿಗೂ ಕಡಿಮೆಯಾಗದ ಹಾಗೆ ಓದಿದೆ. ಬೋರ್ಡಿಂಗಿನ ಅನ್ನ ಬಿಟ್ಟಿಯಾದರೂ ಪರೀಕ್ಷೆಯ ಉತ್ತರ ಯಾರೂ ಬಿಟ್ಟಿ ಬರೆದುಕೊಡಲಿಲ್ಲ.

ನಿಜಾಮರ ಆಳ್ವಿಕೆ ಮುಗಿದ ಮರುವರ್ಷ ಸೂಟಿಗೆ ಬಂದಾಗ ಅದೇ ಶಾಲೆಯ ಅಂಗಳದಲ್ಲಿ ಸಭೆ ಮಾಡಿದರು. ಈಗ ಬಾವುಟಕ್ಕೆ ನೆಟ್ಟಗಿನ ಕಂಬ ನಿಂತಿತ್ತು. ಸಾಹುಕಾರರ ಮಗನ ಕೊರಳಲ್ಲಿ ಎರಡು ಹಾರ. “ನಿಜಾಮನ ಅಮೀನನ ಕಣ್ಣ ಮುಂದ ಈ ಗಿಡದ ತುದೀಗಿ ನಾನ ಬಾವುಟಾ ಏರಿಸಿದೆ,” ಎಂದು ಭಾಷಣ ಮಾಡಿದ. ಗಿಡ ಹತ್ತಲು ಬರದವನು ಎಂದು ಅಲ್ಲಿದ್ದ ಅರ್ಧ ಮಂದಿಗೆ ಗೊತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಬೆಂಚಿನ ಮೇಲೆ ಕೂರಿಸಿದ್ದರು ನನ್ನನ್ನು. ನಾನೂ ತಟ್ಟಿದೆ.

ಮರುದಿನ ನನ್ನ ಗೆಳೆಯನನ್ನು ಹುಡುಕಿಕೊಂಡು ಅಡವಿಗೆ ಹೋದೆ. ಆಗತಾನೇ ಹುಟ್ಟಿದ ಕುರಿಮರಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಎರಡು ವರ್ಷದಲ್ಲಿ ನನಗಿಂತ ಒಂದು ಗೇಣು ಎತ್ತರ ಬೆಳೆದಿದ್ದ. ಠಾಣೆಯಲ್ಲಿ ಏನಾಯಿತೋ, ಬಲಗಾಲು ಪೂರ್ತಿ ಊರುತ್ತಿರಲಿಲ್ಲ.

“ಮಾಸ್ತರನ ಮುಂದ ಹೋಗಿ ಹೇಳತೀನಿ,” ಎಂದೆ. “ಬರದೂ ಕೊಡತೀನಿ. ನೀನ ಹತ್ತಿದ್ದು, ನಾ ಕಂಡೀನಿ ಅಂತ.”

“ಆಗ ನೋಡಿಲ್ಲಂದಿ. ಈಗ ಕಂಡೀನಂದ್ರ ಎರಡರಾಗ ಒಂದ ಸುಳ್ಳಾಗತೈತಿ. ಬಿಡ ಮಾರಾಯಾ.”

ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಮಾತು ಬೆಳೆಸಲು, ಅಲ್ಲೇ ಕಲ್ಲಿನ ಮೇಲೆ ಕೂತಿದ್ದ ಅವನ ತಮ್ಮನನ್ನು ತೋರಿಸಿದೆ. ಎಂಟು ವರ್ಷದವನು, ಬೆರಳು ಮಡಿಚಿ ಕುರಿ ಎಣಿಸುತ್ತಿದ್ದ.

“ಇವನ್ನರ ಸಾಲಿಗಿ ಹಾಕು. ಈಗ ಕನ್ನಡ ಸಾಲಿ ಆಗೈತಿ. ರಾಯಚೂರಾಗ ನಾ ಅದೀನಿ, ಮುಂದಿಂದು ನಾ ನೋಡಕೊಂತೀನಿ.”

“ಬ್ಯಾಡ.”

“ಯಾಕಪಾ?”

ಮರಿಯನ್ನು ತಾಯಿಯ ಹತ್ತಿರ ಬಿಟ್ಟು, ಅದು ಮೊಲೆ ಹಿಡಿಯುವ ತನಕ ನಿಂತು ನೋಡಿದ.

“ನಮ್ಮ ಮನ್ಯಾಗ ಯಾರಿಗೂ ಸುಳ್ಳ ಹೇಳಾಕ ಬರಂಗಿಲ್ಲ,” ಎಂದ. “ಸಾಲ್ಯಾಗ ಹ್ಯಾಂಗ ನಿಭಾಯಿಸ್ತಾನ ಇವ?”